ಒಸಡಿನ ಬಣ್ಣದ ತೇಪೆ

ಹಗಲೆಲ್ಲ ನನ್ನ ಕೆಲಸ ಹಲ್ಲು.
ದುರ್ಗಿಗುಡಿಯ ಮಹಡಿ ಮೇಲೆ, ಕಿಟಕಿಯಿಲ್ಲದ ಲ್ಯಾಬಿನಲ್ಲಿ
ಯಾರದೋ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿದು
ಅವರು ನಾಳೆ ನಗಬೇಕಾದ್ದನ್ನು
ಇವತ್ತೇ ಉಜ್ಜಿ ಕೊಡುತ್ತೇನೆ.

ಸಂಜೆ ಏಳರ ಮೇಲೆ ವಿನೋಬನಗರದ ಊಟದ ಮೇಜು,
ಲ್ಯಾಬಿನವರು ಬೇಡವೆಂದು ಬಿಟ್ಟ ಸಣ್ಣ ಡ್ರಿಲ್ಲು,
ಮತ್ತೆ ಗಡ್ಡದ ಬ್ರಷ್ಷುಗಳು. ಹಳೆಯವು.
ಬೋಳಾದವು, ಹುಳ ತಿಂದವು, ಹಿಡಿ ಸೀಳಿದವು.

ಇಮ್ತಿಯಾಜ್ ಸಾಬರ ಗುಜರಿಯಲ್ಲಿ
ತಕ್ಕಡಿಗೂ ಹತ್ತದ ಸಾಮಾನು.
"ಇಪ್ಪತ್ತಕ್ಕೆ ಮೂರು ತಗೊಳ್ಳಿ ಬಾಯಮ್ಮ,
ನಿಮ್ಮನೇಲಿ ಗಡ್ಡ ಬರೋರು ಯಾರಿದಾರೆ ಅಂತ ಮಾತ್ರ ಕೇಳಲ್ಲ"
ಅಂತ ವಾರವಾರ ಕೇಳುತ್ತಾರೆ.
ಯಾರೂ ಇಲ್ಲ ಸಾಬರೆ. ನಾನು, ನಮ್ಮಕ್ಕ ಲೀನಾ, ಒಂದು ಹೆಣ್ಣು ಬೆಕ್ಕು.

ಮೊದಲು ಬಿಸಿನೀರು. ಕುದಿಸಿದರೆ ಹಿಡಿ ಸೊಟ್ಟಗಾಗಿ ಮುನಿಸಿಕೊಳ್ಳುತ್ತದೆ.
ಹಳೆ ಸೆಲ್ಯುಲಾಯ್ಡ್ ಆದರೆ ಬೆಚ್ಚಗಾಗುತ್ತಲೇ ಕರ್ಪೂರದ ವಾಸನೆ.
"ಯಾವ ದೇವರ ಪೂಜೆಯೇ ಅದು?"
ಲೀನಾ ಅಡುಗೆಮನೆಯಿಂದ ಕೂಗುತ್ತಾಳೆ.

ಆಮೇಲೆ ಗುಳಿ. ಸತ್ತ ಹಲ್ಲಿನ ಬೇರಿಗೆ ಇಳಿದ ಹಾಗೆ
ಅಂಟು, ರಾಳ, ಮುರಿದ ಕೂದಲ ಬುಡ ಕೆರೆಯುತ್ತ ಇಳಿಯಬೇಕು.
ಅವಸರ ಮಾಡಿದರೆ ಗೋಡೆ ತೂತು.
ಹಂದಿಯ ಕೂದಲು ತುದಿ ಸೀಳಿ ಸೀಳಿ ಮೆತ್ತಗಾಗುತ್ತದೆ.
ಕುದುರೆಯದು ಬಾಗುತ್ತದೆ, ಹೇಳಿದ ಮಾತು ಕೇಳುತ್ತದೆ.
ಬ್ಯಾಡ್ಜರಿನದು ನೀರು ಕುಡಿದು ಸುಮ್ಮನಿರುತ್ತದೆ.
ಆ ಪ್ರಾಣಿಯನ್ನು ನಾನು ಕಂಡಿಲ್ಲ,
ಅದರ ಬೆನ್ನಿನ ಬೆಲೆ ಗೊತ್ತು, ಅಷ್ಟೆ.

ಹೋದ ಶನಿವಾರದ್ದು ಮೂಳೆಯ ಹಿಡಿ.
ಹೊಗೆಸೊಪ್ಪು ಜಗಿದ ಹಲ್ಲಿನ ಹಳದಿ, ಸೊಂಟದಿಂದ ಬುಡಕ್ಕೆ ಸೀಳು.
ಕೆರೆಯುತ್ತಿದ್ದರೆ ಕೂದಲ ಗಂಟಿನ ಅಡಿಯಲ್ಲಿ ಏನೋ ಮೆತ್ತಗೆ.
ಚಿಮಟದಲ್ಲಿ ಎತ್ತಿದೆ:
ಮಡಿಸಿ ಮಡಿಸಿ ಕಡಲೆಬೇಳೆಯಷ್ಟಾದ ಬಸ್ ಟಿಕೇಟು.
ಊರುಗಳ ಹೆಸರು ಸೋಪಿನಲ್ಲಿ ತೊಳೆದುಹೋಗಿ
ನಲವತ್ತು ಪೈಸೆ ಮಾತ್ರ ಉಳಿದಿತ್ತು.
ಗಂಟಿಗೆ ಬಿಗಿದದ್ದು ಚಪ್ಪಲಿ ಹೊಲಿಯುವ ಮೇಣದ ನೂಲು,
ಏಳು ಸುತ್ತು. ತಿರುವು ನನ್ನದಕ್ಕೆ ಉಲ್ಟಾ.

ಅಂದರೆ ನನಗಿಂತ ಮೊದಲೇ ಯಾರೋ ಇದನ್ನು ಬಿಚ್ಚಿದ್ದಾರೆ.
ಕೂದಲು ಒಳಗೆ ಕುಸಿಯಿತೆಂದು ಕೆಳಗೆ ಟಿಕೇಟು ಒತ್ತಿ
ಅಕ್ಕಿಕಾಳಿನಷ್ಟು ಮೇಲೆತ್ತಿದ್ದಾರೆ.
ಕ್ಷೌರದವರೋ, ಚಪ್ಪಲಿ ಹೊಲಿಯುವವರೋ,
ಹೊಸದಕ್ಕೆ ಕೈ ಬಿಚ್ಚದ ಯಾವನೋ ಮೇಷ್ಟ್ರೋ.
ಈ ಊರಿಗೆ ಇಂಥ ಹುಚ್ಚಿ ನಾನೊಬ್ಬಳೇ ಅಂದುಕೊಂಡಿದ್ದೆ.
ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಎಡಗೈಯವರು.
ಆ ಗಂಟನ್ನು ನಾಲ್ಕು ಸಲ ಕಟ್ಟಿ ನೋಡಿದೆ, ಬರಲಿಲ್ಲ.
ಕನ್ನಡಿಯೆದುರು ಕೂತು ಕಟ್ಟಿದೆ. ಬಂತು.

ಟಿಕೇಟನ್ನು ಅದರ ಜಾಗದಲ್ಲೇ ಇಟ್ಟೆ, ಮೇಣ ಸವರಿ.
ಸೀಳಿಗೆ ಮೂಳೆಬಣ್ಣದ ರಾಳ ಮುಗಿದಿತ್ತು.
ಇದ್ದದ್ದು ಹಲ್ಲುಸೆಟ್ಟಿನ ಅಕ್ರಿಲಿಕ್, ಒಸಡಿನ ಗುಲಾಬಿ.
ಹಾಕಿದೆ, ಒಣಗಿಸಿದೆ, ಹಲ್ಲಿಗೆ ಕೊಡುವ ಹೊಳಪನ್ನೇ ಕೊಟ್ಟೆ.
ಬೊಚ್ಚುಬಾಯಿ ಬಿಟ್ಟು ನಕ್ಕಂತಾಯಿತು ಬ್ರಷ್ಷು.
"ಥೂ, ಅಸಹ್ಯ," ಅಂದಳು ಲೀನಾ.
ಅಂದವಳು ಕೈಯಲ್ಲಿ ಹಿಡಿದು ತುಂಬ ಹೊತ್ತು ವಾಪಸು ಕೊಡಲಿಲ್ಲ.

ಭಾನುವಾರ ಚರ್ಚಿಗೆ ಮುಂಚೆ ನೊರೆಯ ಪರೀಕ್ಷೆ.
ಗಂಧದ ಸೋಪಿನ ಚೂರು, ಸೊಟ್ಟ ಸ್ಟೀಲು ಬಟ್ಟಲು.
ಅಂಗೈಗೆ ಹಚ್ಚಿದರೆ ತಿಳಿಯುವುದಿಲ್ಲ, ಕೆನ್ನೆಯೇ ಆಗಬೇಕು.
ಹಚ್ಚಿಕೊಂಡೆ. ಗದ್ದಕ್ಕೆ, ಮೂಗಿನ ಕೆಳಗೆ, ಕಿವಿಯವರೆಗೆ.
ಕೂದಲು ಒಂದೂ ಉದುರಲಿಲ್ಲ.

ಕನ್ನಡಿಯಲ್ಲಿ ಬಿಳಿಗಡ್ಡದ ಒಬ್ಬರು,
ಎಡಗೈಯಲ್ಲಿ ಬ್ರಷ್ಷು ಹಿಡಿದು ನನ್ನನ್ನೇ ನೋಡುತ್ತಿದ್ದರು,
ಕೆಲಸ ಹೇಗಿದೆ ಎಂದು ಕೇಳಲು ನಾಚುವವರ ಹಾಗೆ.

ಎರಡನೇ ಗಂಟೆ ಹೊಡೆಯಿತು. ಲೀನಾ ಬಾಗಿಲು ಬಡಿದಳು.
"ತಡಿಯೇ, ಬಂದೆ," ಅಂದೆ.
ಬಾಯಿಗೆ ನೊರೆ ಹೋಯಿತು.